ಕಂಬಕ್ಕೂ ಸ್ತೋತ್ರ

ಮನುಷ್ಯನ ಮನಸ್ಸು ತಳ ಕಾಣದ ಬಾವಿ. ಅದರೊಳಗೆ ಇಣುಕಿ ನೋಡುವ ಧೈರ್ಯ ಎಲ್ಲೋ ಕೆಲವರಿಗೆ ಮಾತ್ರ ಇರುತ್ತದೆ. ಆದರೆ ನಾನು ಬೆಳೆದದ್ದು ವಿಜಯನಗರದಲ್ಲಿ. ಅಲ್ಲಿ ಬಾವಿಗಳಿರಲಿಲ್ಲ, ಸಂಪುಗಳಿದ್ದವು. ನಮ್ಮ ದೊಡ್ಡಮ್ಮನ ಪ್ರಕಾರ ಮನಸ್ಸೂ ಒಂದು ಸಂಪು. ಮುಚ್ಚಳ ತೆಗೆಯಬೇಕು, ಹಳೇ ನೀರು ಹೊರಗೆ ಹಾಕಬೇಕು, ಒಳಗಿಳಿದು ಬ್ಲೀಚಿಂಗ್ ಪೌಡರ್ ಹಾಕಿ ಪೊರಕೆಯಲ್ಲಿ ತಿಕ್ಕಬೇಕು. ಮುಂದಿನ ಸಲ ಕಾವೇರಿ ನೀರು ಬಿಡುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ. ತತ್ತ್ವಶಾಸ್ತ್ರದಲ್ಲಿ ಈ ಸಿದ್ಧಾಂತಕ್ಕೆ ಏನು ಹೆಸರೋ ತಿಳಿಯದು. ನಮ್ಮ ಮನೆಯಲ್ಲಿ ಇದಕ್ಕೆ ಲೆಂಟ್ ಎನ್ನುತ್ತಿದ್ದರು.

ಅದು ಆ ಕಾಲದ ಮಾತು. ಆ ಕಾಲ ಎಂದರೆ ರಾಜಮಹಾರಾಜರ ಕಾಲವೇನಲ್ಲ. ಮಾಗಡಿ ರಸ್ತೆಯಿಂದ ಅತ್ತಿಗುಪ್ಪೆಯವರೆಗೆ ಮೆಟ್ರೊ ಕಂಬಗಳು ಒಂದೊಂದಾಗಿ ಮೇಲೇಳುತ್ತಿದ್ದ ಕಾಲ. ಹದಿನೈದು ವರ್ಷವಾಗಿರಬಹುದು. ಬೇರೆ ಊರುಗಳಲ್ಲಿ ಇದು ನಿನ್ನೆ ಮೊನ್ನೆಯ ಲೆಕ್ಕಕ್ಕೆ ಬರುತ್ತದೆ. ವಿಜಯನಗರದಲ್ಲಿ ಅಷ್ಟರೊಳಗೆ ಒಂದು ಯುಗ ಮುಗಿದು, ಮನೆ ಖಾಲಿ ಮಾಡಿ, ಇನ್ನೊಂದು ಯುಗ ಬಾಡಿಗೆಗೆ ಬಂದಿರುತ್ತದೆ. ನಾನು ಐದನೇ ಕ್ಲಾಸು. ಒಗೆದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ಕೊನೆಗೆ ಅಪ್ಪನ ಹುಬ್ಬಿನ ಮೇಲೂ ಮೆಟ್ರೊದ ಧೂಳು ಕೂರುತ್ತಿತ್ತು. ಅಗೆದು ಬಿಸಾಡಿದ ಫುಟ್‌ಪಾತಿನ ಕಲ್ಲುಚೂರುಗಳಿಂದ ನಾವು ಲಗೋರಿ ಆಡುತ್ತಿದ್ದೆವು. ಅಭಿವೃದ್ಧಿಯಿಂದ ನಮ್ಮ ಕ್ರಾಸಿಗೆ ಆದ ಮೊದಲ ಲಾಭ ಅದೇ.

ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಹೊಂಗೆಮರ ಹೊಸ ಎಲೆ ಹಾಕುವ ಹೊತ್ತಿಗೆ ನಮಗೆ ಲೆಂಟ್ ಶುರುವಾಗುತ್ತಿತ್ತು. ಹಿರಿಯರು ತಪಸ್ಸಿನ ಕಾಲ ಎನ್ನುತ್ತಿದ್ದರು. ಈಸ್ಟರ್ ಬರುವ ತನಕ ಮನೆಯಲ್ಲಿ ಮಾಂಸವಿಲ್ಲ. ಭಾನುವಾರದ ಮಟನ್ ಸಾರಿನ ಜಾಗದಲ್ಲಿ ಹುರುಳಿಕಾಳಿನ ಬಸ್ಸಾರು ಬಂದು ಕೂರುತ್ತಿತ್ತು. ಒಬ್ಬೊಬ್ಬರೂ ತಮಗೆ ಇಷ್ಟವಾದ ಇನ್ನೊಂದನ್ನೂ ಬಿಡಬೇಕು. ನಾನು ಬೇಕರಿಯ ಎಗ್ ಪಫ್ ಬಿಟ್ಟಿದ್ದೆ. ಸಂಜೆ ಸ್ಕೂಲಿನಿಂದ ಬರುವಾಗ ಬಿಸಿ ಪಫ್ಫಿನ ವಾಸನೆ ರಸ್ತೆಯ ಅರ್ಧಕ್ಕೇ ಬಂದು ನನ್ನನ್ನು ಎದುರುಗೊಳ್ಳುತ್ತಿತ್ತು. ನಾನು ಹುತಾತ್ಮಳ ಮುಖ ಮಾಡಿಕೊಂಡು ದಾಟುತ್ತಿದ್ದೆ. ಪಕ್ಕದ ಮನೆ ಪದ್ಮಾ ಆಂಟಿಗೆ ಒಮ್ಮೆ ಹೆಮ್ಮೆಯಿಂದ ಹೇಳಿದೆ.

"ಆಂಟಿ, ನಾವು ಮಾಂಸ ಬಿಟ್ಟಿದೀವಿ."

ಆಂಟಿ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ. "ತುಂಬಾ ಒಳ್ಳೇದಾಯ್ತು ಪುಟ್ಟಿ. ಎಷ್ಟು ದಿನಕ್ಕೆ?" ಎಂದರು.

ಆ ವರ್ಷ ಜಯಕರ ಮಾವ ಬಿಡಬೇಕಾಗಿದ್ದದ್ದು ಯೋಚನೆಯನ್ನು.

ಜಯಕರ ಮಾವ ಅಮ್ಮನ ತಮ್ಮ. ಮದುವೆಯಾಗಿರಲಿಲ್ಲ. ನಮ್ಮ ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲಿದ್ದ ಒಂದೇ ರೂಮಿನಲ್ಲಿ ಇದ್ದರು. ರಾಜಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬಂದವರ ಮೂಗಿನ ಮೇಲೆ ದಪ್ಪನೆಯ ಲೋಹದ ಫ್ರೇಮು ಕೂರಿಸಿ, ಅದಕ್ಕೆ ಒಂದೊಂದೇ ಗಾಜು ಹಾಕುತ್ತಾ, "ಈಗ ಚೆನ್ನಾಗಿ ಕಾಣ್ತಾ ಇದ್ಯಾ? ಈಗ?" ಎಂದು ಕೇಳುವುದು. ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಾಗ ಅದೇ ಫ್ರೇಮನ್ನು ನನ್ನ ಮೂಗಿಗೂ ಹಾಕಿ ಕನ್ನಡಿ ತೋರಿಸುತ್ತಿದ್ದರು. ಭಾನುವಾರ ಚರ್ಚಿನ ಗಾನವೃಂದದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದರು. ಮಾವ ಕೀರ್ತನೆ ಎತ್ತಿದರೆ ಮುಂದಿನ ಬೆಂಚಿನ ಮುದುಕಿಯರು ಕಿವಿಯ ಮೇಲಿಂದ ಸೆರಗು ಸರಿಸುತ್ತಿದ್ದರು.

ಅವರು ಒಮ್ಮೆ ನನಗೆ ಹೇಳಿದ್ದು ನೆನಪಿದೆ: "ಕೆಲವರು ಇರ್ತಾರೆ ಪುಟ್ಟಿ, ಪಾಪ, ತುಂಬಾ ಮರ್ಯಾದಸ್ಥರು. ಹತ್ತು ಗಾಜು ಬದಲಾಯಿಸಿದ್ರೂ ಅಕ್ಷರ ಕಾಣಲ್ಲ. ಈ ಮನುಷ್ಯ ಇಷ್ಟು ಕಷ್ಟ ಪಡ್ತಾ ಇದಾನಲ್ಲ ಅಂತ ಬೇಜಾರಾಗಿ, 'ಹಾಂ, ಈಗ ಕ್ಲಿಯರ್ ಸಾರ್' ಅಂದುಬಿಡ್ತಾರೆ. ಮನೆಗೆ ಹೋಗಿ ಮೆಟ್ಟಿಲು ಎಡವ್ತಾರೆ."

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಮಾವ ಮೊದಲು ಹಾಡುವುದನ್ನು ಬಿಟ್ಟರು. ಆಮೇಲೆ ಗಡ್ಡ ಬೋಳಿಸುವುದನ್ನು. ಆಮೇಲೆ ಅಂಗಡಿಗೆ ಹೋಗುವುದನ್ನು. ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಅಮ್ಮ ತಟ್ಟೆ ತೆಗೆದುಕೊಂಡು ಹೋದರೆ ಎದ್ದು ಕೂತು ಎರಡು ತುತ್ತು ತಿಂದು, ಚೆನ್ನಾಗಿದೆ ಎಂದು ಹೇಳಿ, ಮತ್ತೆ ಗೋಡೆಗೆ ತಿರುಗುತ್ತಿದ್ದರು. ಏನಾಯಿತು ಎಂದು ಎಲ್ಲರೂ ಕೇಳಿದರು. ಹುಡುಗಿ ಕೈಕೊಟ್ಟಳೇ, ಅಂಗಡಿಯಲ್ಲಿ ಜಗಳವೇ? ಯಾವುದೂ ಅಲ್ಲ. ಕಾರಣವೊಂದು ಇದ್ದಿದ್ದರೆ ಜನಕ್ಕೆ ಹೇಳಿಕೊಳ್ಳಲಿಕ್ಕಾದರೂ ಆಗುತ್ತಿತ್ತು. ಕಾರಣವಿಲ್ಲದ ದುಃಖಕ್ಕೆ ನಮ್ಮ ಕಡೆ ಮರ್ಯಾದೆ ಕಡಿಮೆ.

ನಾನು ಕೇಳಿದಾಗ ಮಾತ್ರ ಅವರು ಸುಮ್ಮನಿರಲಿಲ್ಲ. "ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಒಳಗೆ ಯಾರೋ ಕೂತ್ಕೊಂಡು, 'ನೀನು ಯಾಕೆ ಇದೀಯಾ?' ಅಂತ ಕೇಳ್ತಾರೆ ಕಣೇ. ದಿನಾ ಅದೇ ಪ್ರಶ್ನೆ. ಬೇರೆ ಕೇಳೋದೂ ಇಲ್ಲ."

"ನೀವು ಏನು ಹೇಳ್ತೀರಾ?"

"ಇನ್ನೂ ಹಲ್ಲುಜ್ಜಿಲ್ಲ, ಆಮೇಲೆ ಬಾ ಅಂತೀನಿ."

ಹೀಗಿರುವಾಗ ಲೆಂಟಿನ ಮೊದಲ ವಾರ ದೊಡ್ಡಮ್ಮ ಆಟೋದಿಂದ ಇಳಿದರು. ಸುಗುಣ ದೊಡ್ಡಮ್ಮ ಅಮ್ಮನ ಅಕ್ಕ, ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಅವರು ನಡೆದುಬಂದರೆ ಬೀದಿಯ ನಾಯಿಗಳೂ ಸಾಲಾಗಿ ನಿಲ್ಲುತ್ತವೇನೋ ಅನ್ನಿಸುತ್ತಿತ್ತು. ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ತಲೆಯ ಮೇಲೆ ಎರಡು ಗಂಟೆಗಳಿದ್ದ ಅಲಾರಂ ಗಡಿಯಾರ. ಸೀದಾ ತಾರಸಿಗೆ ಹತ್ತಿ, ಮಾವನ ರೂಮಿನ ಕಿಟಕಿ ತೆರೆದರು.

"ಜಯಾ, ಏಳೋ. ಬೇಡದ ಯೋಚನೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ಬೇಕು ಕಣೋ. ಒಳಗೆ ಕರೆದು, ಕುರ್ಚಿ ಹಾಕಿ, ಕಾಫಿ ಕೊಟ್ರೆ ಯಾರು ತಾನೇ ಎದ್ದು ಹೋಗ್ತಾರೆ?"

ಮಾವ ಗೋಡೆಗೇ ಹೇಳಿದರು: "ಅದು ಕಾಫಿ ಕೇಳಲ್ಲ ಅಕ್ಕ. ಚಪ್ಪಲೀನೂ ಬಿಡಲ್ಲ. ಸೀದಾ ಬಂದು ಪಕ್ಕದಲ್ಲಿ ಮಲಗುತ್ತೆ."

"ಸರಿ ಹಾಗಾದ್ರೆ. ಮಂಚಾನೇ ಎತ್ತಿಡೋಣ."

ತಮಾಷೆಗೆ ಅಂದದ್ದಲ್ಲ. ಮಧ್ಯಾಹ್ನದೊಳಗೆ ಅಪ್ಪನಿಂದಲೇ ಮಂಚ ಬಿಚ್ಚಿಸಿ ಗೋಡೆಗೆ ಒರಗಿಸಿದರು. ಮಲಗಲು ಚಾಪೆ, ಅದನ್ನೂ ಬೆಳಕು ಹರಿಯುವ ಮುಂಚೆ ಸುತ್ತಿಡಬೇಕು. ಐದು ಗಂಟೆಗೆ ಅಲಾರಂ. ತಣ್ಣೀರು ಸ್ನಾನ. ಮೊಣಕಾಲೂರಿ ಪ್ರಾರ್ಥನೆ, ವಾಕ್ಯ ಓದಿ ಬಾಯಿಪಾಠ, ಆಮೇಲೆ ವಾಕಿಂಗ್. ಹಗಲು ಬೆನ್ನು ನೆಲಕ್ಕೆ ತಾಗಬಾರದು. "ಆಗಲ್ಲ," "ಸಾಕಾಯ್ತು," "ಏನು ಪ್ರಯೋಜನ" ಎಂಬ ಮಾತುಗಳು ಬಾಯಿಂದ ಬರಬಾರದು. ಬಂದರೆ ದಂಡವಾಗಿ, ಆ ಕ್ಷಣ ಕಣ್ಣಿಗೆ ಏನು ಕಾಣುತ್ತದೋ ಅದಕ್ಕಾಗಿ ದೇವರಿಗೆ ಗಟ್ಟಿಯಾಗಿ ಸ್ತೋತ್ರ ಹೇಳಬೇಕು. ವಾಕಿಂಗಿನಲ್ಲಿ ಈ ದಂಡ ವಸೂಲು ಮಾಡುವ ಅಧಿಕಾರವನ್ನು ನನಗೆ ಕೊಟ್ಟರು. ಅಷ್ಟು ದೊಡ್ಡ ಹುದ್ದೆ ನನಗೆ ಮುಂದೆಂದೂ ಸಿಕ್ಕಿಲ್ಲ.

ದೊಡ್ಡಮ್ಮ ಇದನ್ನೆಲ್ಲ ಎಲ್ಲೋ ಓದಿ ಬಂದವರಲ್ಲ. ದೊಡ್ಡಪ್ಪ ತೀರಿಕೊಂಡ ವರ್ಷ ಅವರೂ ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ, ತಿಂಗಳುಗಟ್ಟಲೆ. ಒಂದು ಲೆಂಟಿನಲ್ಲಿ ಐದು ಗಂಟೆಗೆ ಎದ್ದು ತಲೆಗೆ ತಣ್ಣೀರು ಸುರಿದುಕೊಂಡು ಮೊಣಕಾಲೂರಿದರಂತೆ. ದಿನಾ ಹಾಗೇ ಮಾಡುತ್ತಾ, ಈಸ್ಟರ್ ಹೊತ್ತಿಗೆ ಸ್ಕೂಲಿಗೆ ಹೋಗಿ ಮಕ್ಕಳನ್ನು ಗದರಿಸುವಷ್ಟು ಆರೋಗ್ಯವಾಗಿದ್ದರಂತೆ. ಅದು ನಿಜ, ಅಮ್ಮನೇ ಕಂಡಿದ್ದಾಳೆ. ದೊಡ್ಡಮ್ಮನಿಗೆ ಆ ಔಷಧಿ ನಾಟಿತ್ತು. ತೊಂದರೆ ಇದ್ದದ್ದೂ ಅಲ್ಲೇ.

ವಾಕಿಂಗ್ ಶುರುವಾಯಿತು. ಬೆಳಗಿನ ಜಾವದ ತಂಪಿನಲ್ಲಿ ಹಾಲಿನ ಬೂತಿನ ಮುಂದೆ ಕ್ರೇಟುಗಳ ಸದ್ದು, ಎಲ್ಲೋ ಒಗ್ಗರಣೆಯ ವಾಸನೆ, ಕಾಲಡಿ ಹೊಂಗೆ ಹೂವಿನ ಚರಪರ. ಮುಖ್ಯರಸ್ತೆಗೆ ಬಂದರೆ ಮಂಜಿನಲ್ಲಿ ಕಂಬಗಳು, ಮೇಲೆ ಏನೂ ಇಲ್ಲದೆ, ಏನನ್ನೋ ಹೊರಲು ಬಂದು ಮರೆತು ನಿಂತ ಹಾಗೆ.

"ಏನು ಪ್ರಯೋಜನ ಪುಟ್ಟಿ, ಇಷ್ಟು ದೂರ ನಡೆದು..." ಎಂದರು ಮಾವ.

"ದಂಡ!"

ಮಾವ ಸುತ್ತ ನೋಡಿದರು. ಎದುರಿಗೆ ಕಂಬ ಬಿಟ್ಟರೆ ಏನೂ ಇರಲಿಲ್ಲ. ಟೋಪಿ ಇಲ್ಲದ ತಲೆಯಿಂದ ಟೋಪಿ ತೆಗೆದವರಂತೆ ಕೈಯಾಡಿಸಿ, ಅಯ್ಯನವರು ಪೀಠದಿಂದ ಪ್ರಾರ್ಥಿಸುವ ದನಿಯಲ್ಲಿ, "ಕರ್ತನೇ, ಈ ಕಂಬಕ್ಕಾಗಿ ನಿನಗೆ ಸ್ತೋತ್ರ. ಇದಕ್ಕೆ ಬೇಗ ಒಂದು ಕೆಲಸ ಕೊಡು," ಎಂದರು.

ನಾನು ನಕ್ಕು ನಕ್ಕು ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಅಯ್ಯನವರು ಎಂದರೆ ನಮ್ಮ ಚರ್ಚಿನ ಪಾಸ್ಟರು. ಅವರ ದನಿಯನ್ನು ಮಾವ ಮೂಗಿನ ಸಮೇತ ತಂದಿದ್ದರು. ಅವತ್ತಿನಿಂದ ದಂಡ ನಮ್ಮಿಬ್ಬರ ಆಟವಾಯಿತು. ಇಡ್ಲಿ ಗಾಡಿಗೆ ಸ್ತೋತ್ರ. ಕುಂಟು ನಾಯಿಗೆ ಸ್ತೋತ್ರ, ಅದು ಅಟ್ಟಿಸಿಕೊಂಡು ಬಂದಾಗ ತಾತ್ಕಾಲಿಕವಾಗಿ ಸ್ತೋತ್ರ ವಾಪಸು. ಬನಿಯನ್ನಿನಲ್ಲೇ ಜಾಗಿಂಗ್ ಮಾಡುವ ದಪ್ಪ ಅಂಕಲ್‌ಗೆ, ಅವರು ದೂರ ಹೋದ ಮೇಲೆ, ಸ್ತೋತ್ರ. ಕೆಲವು ದಿನ ಮಾವ ಒಂದೂ ಮಾತಾಡುತ್ತಿರಲಿಲ್ಲ. ಆ ದಿನಗಳಲ್ಲಿ ದಂಡವೂ ಇರುತ್ತಿರಲಿಲ್ಲ, ನಗುವೂ ಇರುತ್ತಿರಲಿಲ್ಲ. ನಾನು ಅವರ ಬೆರಳು ಹಿಡಿದುಕೊಂಡು ನಡೆಯುತ್ತಿದ್ದೆ. ಬೆರಳು ಸುಮ್ಮನೆ ನನ್ನ ಕೈಯಲ್ಲಿ ಇರುತ್ತಿತ್ತು, ಹಿಡಿದುಕೊಳ್ಳುತ್ತಿರಲಿಲ್ಲ.

ಆದರೂ ದೊಡ್ಡಮ್ಮನ ಔಷಧಿ ಕೆಲಸ ಮಾಡುವ ಹಾಗೆ ಕಂಡಿತು. ಮಾವ ಗಡ್ಡ ಬೋಳಿಸಿದರು. ಅರ್ಧ ದಿನ ಅಂಗಡಿಗೆ ಹೋಗಿ ಬಂದರು. ದಿನವೂ ಬೆಳಿಗ್ಗೆ ದೊಡ್ಡಮ್ಮ ಕಾಫಿ ಲೋಟ ಮುಂದಿಟ್ಟು, "ಈಗ ಹೇಗಿದೆ ಜಯಾ?" ಎಂದು ಕೇಳುತ್ತಿದ್ದರು. ಮಾವ, "ನಿನ್ನೆ ಥರಾನೇ ಅಕ್ಕ," ಎನ್ನುತ್ತಿದ್ದರು. ಮರುದಿನ ಮತ್ತೆ, "ಈಗ?"

ಇತ್ತ ಅಡುಗೆಮನೆಯ ಕಿಟಕಿಯಲ್ಲಿ ಇನ್ನೊಂದು ಮಾತು ನಡೆಯುತ್ತಿತ್ತು. ಪದ್ಮಾ ಆಂಟಿ ಕಾಂಪೌಂಡಿನ ಆಚೆಯಿಂದ ಅಮ್ಮನಿಗೆ ಹೇಳಿದರು: "ಲೀಲಾ, ತಪ್ಪು ತಿಳ್ಕೋಬೇಡಿ. ನಮ್ಮ ಮೈದುನನಿಗೂ ಹೀಗೇ ಆಗಿತ್ತು. ಮಾತ್ರೆ ತಗೊಂಡ್ರು, ಈಗ ಮಗು ಬೇರೆ ಆಗಿದೆ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ. ಹುಚ್ಚು ಅಂತ ಅಲ್ಲರೀ. ಜ್ವರಕ್ಕೆ ತೋರ್ಸಲ್ವಾ, ಹಾಗೆ."

ಅಮ್ಮ ಮಾವನನ್ನು ಕೇಳಿದಳು. ಮಾವ, "ಹೋಗೋಣ ಲೀಲಕ್ಕ. ಹೋಗ್ಬೇಕು ಅನ್ಸುತ್ತೆ," ಎಂದರು. ನಾನು ಅಲ್ಲೇ ಬಟಾಣಿ ಬಿಡಿಸುತ್ತಾ ಕೂತಿದ್ದೆ. ಅವರು ಏನನ್ನಾದರೂ ಬೇಕು ಅಂದದ್ದನ್ನು ಕ್ರಿಸ್‌ಮಸ್ ಆದ ಮೇಲೆ ಅವತ್ತೇ ಮೊದಲು ಕೇಳಿದ್ದು. ಆಂಟಿಯೇ ಫೋನು ಮಾಡಿ, ಈಸ್ಟರ್ ಕಳೆದ ಮಂಗಳವಾರಕ್ಕೆ ಡಾಕ್ಟರ ಹತ್ತಿರ ಟೈಮು ತೆಗೆದುಕೊಟ್ಟರು.

ಅದೇ ವಾರ ದೊಡ್ಡಮ್ಮ ಬಚ್ಚಲುಮನೆಯ ಹೊರಗೆ ನಿಂತು ಕೇಳಿಸಿಕೊಂಡರು: ಮಾವ ಒಳಗೆ ನೀರು ಹುಯ್ದುಕೊಳ್ಳುತ್ತಾ ಒಂದು ಕೀರ್ತನೆಯ ಒಂದು ಸಾಲು ಗುನುಗುತ್ತಿದ್ದಾರೆ. ಒಂದೇ ಸಾಲು. ತಣ್ಣೀರಿಗೆ ಬಂದ ನಡುಕವೂ ಇರಬಹುದಿತ್ತು. ದೊಡ್ಡಮ್ಮ ಅಲ್ಲೇ ಗೋಡೆ ಹಿಡಿದುಕೊಂಡು ಅತ್ತರು. ನಾನು ಹುಟ್ಟಿದ ಮೇಲೆ ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಬಂದವರೇ, "ಗರಿಗಳ ಭಾನುವಾರ ಸಾಯಂಕಾಲ ಕೃತಜ್ಞತಾ ಕೂಟ ಇಟ್ಕೊಳ್ಳೋಣ. ಅಯ್ಯನವರಿಗೆ ಹೇಳಿಬಿಡ್ತೀನಿ," ಎಂದರು.

ಕೃತಜ್ಞತಾ ಕೂಟ ನಮ್ಮವರಲ್ಲಿ ಇರುವ ಪದ್ಧತಿ. ಕಾಯಿಲೆ ವಾಸಿಯಾದರೆ, ಕೆಲಸ ಸಿಕ್ಕರೆ ಚರ್ಚಿನ ಸಭೆಯವರನ್ನು ಮನೆಗೆ ಕರೆದು, ಹಾಡಿ ಪ್ರಾರ್ಥಿಸಿ, ಉಪಕಾರ ಪಡೆದವರು ಎದ್ದುನಿಂತು ಸಾಕ್ಷಿ ಹೇಳಿ, ಎಲ್ಲರಿಗೂ ಊಟ ಹಾಕುವುದು. ಅಮ್ಮ ಮೆಲ್ಲಗೆ, "ಅಕ್ಕ, ಅವನು ಇನ್ನೂ ಪೂರ್ತಿ ಹುಷಾರಾಗಿಲ್ಲ," ಎಂದಳು.

"ಆದ್ಮೇಲೆ ಸ್ತೋತ್ರ ಯಾರು ಬೇಕಾದ್ರೂ ಹೇಳ್ತಾರೆ ಲೀಲಾ. ಆಗೋಕೆ ಮುಂಚೆ ಹೇಳೋದಕ್ಕೇ ನಂಬಿಕೆ ಅನ್ನೋದು."

ಅಮ್ಮ ಎಷ್ಟು ಜನಕ್ಕೆ ಅಡುಗೆ ಎಂದು ಲೆಕ್ಕ ಹಾಕತೊಡಗಿದಳು. ಅವಳಿಗೂ ನಂಬಿಕೆ ಇತ್ತಲ್ಲ.

ತಾರಸಿಯ ಮೇಲೆ ಶಾಮಿಯಾನ ಹಾಕಿದರು. ಬಾಡಿಗೆ ಕುರ್ಚಿಗಳು ಬಂದವು. ಲೆಂಟ್ ಆದ್ದರಿಂದ ಬಿರಿಯಾನಿ ಇಲ್ಲ. ತರಕಾರಿ ಪಲಾವ್, ರಾಯ್ತ, ಆಲೂಗಡ್ಡೆ ಬೋಂಡ, ಕೇಸರಿಬಾತ್. ಲವಂಗ, ಪುದೀನದ ವಾಸನೆ ಕ್ರಾಸಿನ ಕೊನೆಯವರೆಗೂ ಹೋಗಿ ಜನರನ್ನು ಕರೆತಂದಿತು. ಅದು ಈಸ್ಟರಿಗೆ ಮುಂಚಿನ ಭಾನುವಾರ; ಸಭೆಯವರೆಲ್ಲ ಬೆಳಿಗ್ಗೆ ಚರ್ಚಿನಲ್ಲಿ ಕೊಟ್ಟ ಗರಿಯ ಶಿಲುಬೆಯನ್ನು ಜೇಬಿನಲ್ಲಿ ಸಿಕ್ಕಿಸಿಕೊಂಡೇ ಬಂದರು. ಪದ್ಮಾ ಆಂಟಿ ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಹಾಡಾಯಿತು, ಪ್ರಾರ್ಥನೆಯಾಯಿತು. ಅಯ್ಯನವರು, "ಈಗ ಸಹೋದರ ಜಯಕರ್ ಸಾಕ್ಷಿ ಹೇಳ್ತಾರೆ," ಎಂದರು.

ಮಾವ ಎದ್ದರು. ಬಿಳಿ ಅಂಗಿ, ಇಸ್ತ್ರಿಯ ಗೆರೆ ನೆಟ್ಟಗಿತ್ತು. ಮೊದಲು ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮ ಮುಂದಿನ ಸಾಲಿನಲ್ಲಿ, ಪರೀಕ್ಷೆಗೆ ಕೂತ ಮಗುವಿನ ತಾಯಿಯ ಹಾಗೆ, ತುಟಿ ಅಲುಗಿಸುತ್ತಾ ಕೂತಿದ್ದರು. ಮಾವ ಬಹಳ ಚೆನ್ನಾಗಿ ಮಾತಾಡಿದರು. ಕತ್ತಲೆಯ ಬಗ್ಗೆ ಹೇಳಿದರು, ಅಕ್ಕನ ಪ್ರೀತಿಯ ಬಗ್ಗೆ, ಐದು ಗಂಟೆಯ ತಣ್ಣೀರಿನ ಬಗ್ಗೆ. ಜನ ನಕ್ಕರು, ಮೂಗೊರೆಸಿಕೊಂಡರು. ಕೊನೆಯಲ್ಲಿ, "ಈಗ ದೇವರ ದಯದಿಂದ ಎಲ್ಲಾ ಕ್ಲಿಯರಾಗಿ ಕಾಣ್ತಾ ಇದೆ," ಎಂದರು.

"ಸ್ತೋತ್ರ! ಆಮೆನ್!" ಎಂದು ಶಾಮಿಯಾನವೇ ಮೇಲೇಳುವ ಹಾಗೆ ಸಭೆ ಹೇಳಿತು. ನಾನು ಹೇಳಲಿಲ್ಲ. ನನಗೆ ಆ ಮರ್ಯಾದಸ್ಥ ಗಿರಾಕಿಗಳ ನೆನಪಾಗಿತ್ತು.

ಊಟದ ಹೊತ್ತಿಗೆ ಮಾವ ಟ್ಯಾಂಕಿನ ಹಿಂದೆ ಒಬ್ಬರೇ ನಿಂತಿದ್ದರು. ನಾನು ಹೋಗಿ ಕೇಳಿದೆ: "ಮಾವ, ನಿಜವಾಗ್ಲೂ ಕಾಣ್ತಾ ಇದ್ಯಾ?"

ಮಾವ ನನ್ನ ಕೈಯ ಬೋಂಡದಲ್ಲಿ ಒಂದು ಚೂರು ಮುರಿದುಕೊಂಡರು. "ಇಷ್ಟು ಜನ ಪಲಾವ್ ತಿಂದಾಯ್ತಲ್ಲ ಪುಟ್ಟಿ," ಎಂದರು.

ಮಂಗಳವಾರದ ಡಾಕ್ಟರ ಮಾತು ಬೇರೆ ಯಾರೂ ಎತ್ತುವ ಮುಂಚೆ ಮಾವನೇ ಎತ್ತಿದರು: "ಬೇಡ ಲೀಲಕ್ಕ. ಎಲ್ಲರ ಮುಂದೆ ದೇವರಿಗೆ ಥ್ಯಾಂಕ್ಸ್ ಹೇಳಿ, ಈಗ ಹೋಗಿ ಹುಷಾರಿಲ್ಲ ಅಂದ್ರೆ ಅಕ್ಕನ ಮುಖ ಏನಾಗುತ್ತೆ? ದೇವರ ಮುಖ ಏನಾಗುತ್ತೆ?" ಆಂಟಿ ಫೋನು ಮಾಡಿ ಟೈಮು ಕ್ಯಾನ್ಸಲ್ ಮಾಡಿಸಿದರು. ಆಮೇಲೆ ಕಾಂಪೌಂಡಿನ ಹತ್ತಿರ ಬರುವುದು ಸ್ವಲ್ಪ ಕಡಿಮೆಯಾಯಿತು.

ಗುಡ್ ಫ್ರೈಡೇ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎಲ್ಲರ ಜೊತೆ ಗಂಜಿ ಕುಡಿದೆವು, ಮಾವಿನಕಾಯಿ ಉಪ್ಪಿನಕಾಯಿ ನಂಚಿಕೊಂಡು. ಈಸ್ಟರ್ ದಿನ ಸೂರ್ಯೋದಯದ ಆರಾಧನೆ. ಮಾವ ಗಾನವೃಂದದ ಹಿಂದಿನ ಸಾಲಿನಲ್ಲಿ ತಮ್ಮ ಹಳೆಯ ಜಾಗದಲ್ಲಿ ನಿಂತರು. ನಾವು ಮಕ್ಕಳು ಆ ಸಾಲಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆವು. ಕೀರ್ತನೆ ಶುರುವಾಯಿತು. ಮಾವನ ಬಾಯಿ ತೆರೆಯಿತು, ಮುಚ್ಚಿತು, ಪದಕ್ಕೆ ಸರಿಯಾಗಿ. ದನಿ ಇರಲಿಲ್ಲ. ನಾನು ಕತ್ತೆತ್ತಿ ನೋಡಿದೆ. ಅವರು ಕಣ್ಣು ಮಿಟುಕಿಸಿ ಬಾಯಾಡಿಸುವುದನ್ನು ಮುಂದುವರಿಸಿದರು. ಆರಾಧನೆ ಮುಗಿದ ಮೇಲೆ ದೊಡ್ಡಮ್ಮ ಎಲ್ಲರಿಗೂ ಬಣ್ಣದ ಮೊಟ್ಟೆ ಹಂಚುತ್ತಾ, "ಕೇಳಿದ್ರಾ, ನಮ್ಮ ಜಯ ಎಷ್ಟು ಚೆನ್ನಾಗಿ ಹಾಡಿದ," ಎಂದರು. ಕೇಳಿದೆವು ಎಂದು ಎಲ್ಲರೂ ಹೇಳಿದರು.

ಆಮೇಲೆ ಮಾವ "ಏನು ಪ್ರಯೋಜನ" ಎಂದು ಒಮ್ಮೆಯೂ ಅನ್ನಲಿಲ್ಲ. ಅದರಿಂದ ದಂಡವೂ ನಿಂತಿತು. ಕಂಬಗಳ ಮೇಲೆ ಹಳಿ ಬಂತು, ಹಳಿಯ ಮೇಲೆ ರೈಲು ಬಂತು. ಮಾವನ ಪ್ರಾರ್ಥನೆಯಲ್ಲಿ ಕಂಬದ ಪಾಲಿನದು ಮಾತ್ರ ಈಡೇರಿತು. ನಮ್ಮ ಕ್ರಾಸಿನ ಹೊಂಗೆಮರಗಳು ಹೋದವು. ಪದ್ಮಾ ಆಂಟಿಯವರು ಮನೆ ಮಾರಿ ಅನ್ನಪೂರ್ಣೇಶ್ವರಿ ನಗರಕ್ಕೆ ಹೋದರು. ಗುಡ್ ಫ್ರೈಡೇ ಗಂಜಿ ಈಗ ಕೇಟರಿಂಗಿನಿಂದ ಕಾಗದದ ಲೋಟದಲ್ಲಿ ಬರುತ್ತದೆ, ಉಪ್ಪಿನಕಾಯಿ ಪ್ಯಾಕೆಟ್ಟಿನಲ್ಲಿ. ಎಗ್ ಪಫ್ ಈಗ ಲೆಂಟಿಗೆ ನಾನು ಬಿಡುವ ಮೊದಲೇ ಡಾಕ್ಟರು ಬಿಡಿಸಿದ್ದಾರೆ. ನನಗೂ ಕೆಲವು ಬೆಳಿಗ್ಗೆ ಮಾವನ ಆ 'ನೀನು ಯಾಕೆ ಇದೀಯಾ' ಪ್ರಶ್ನೆ ಬರುತ್ತದೆ. ನಾನು ಪ್ರಾರ್ಥನೆ ಮಾಡುತ್ತೇನೆ, ಮಾತ್ರೆಯನ್ನೂ ನುಂಗುತ್ತೇನೆ. ಮೆಟ್ರೊದಲ್ಲಿ ಹೋಗುವಾಗ ಕೆಳಗಿನ ಕಂಬಗಳಿಗೆ ಸ್ತೋತ್ರ ಹೇಳಲು ನೋಡುತ್ತೇನೆ. ಮೇಲೆ ಕೂತವರಿಗೆ ಕಂಬ ಕಾಣುವುದಿಲ್ಲ. ಮಾವನ ಹಾಗೆ ಮೂಗಿನ ಸಮೇತ ಹೇಳಲು ನನಗೆ ಬರುವುದೂ ಇಲ್ಲ.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಮಾವನಿಗೆ ಡೆಂಗ್ಯೂ ಬಂತು. ಹೀಗೆ ಕೊನೆಗೂ ಅವರನ್ನು ಡಾಕ್ಟರು ನೋಡಿದರು. ವಾರ್ಡಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಮಂಚದ ಪಕ್ಕ ನಿಂತು, "ಬೇರೆ ಏನಾದ್ರೂ ತೊಂದ್ರೆ ಇದ್ಯಾ ಸಾರ್? ನಿದ್ದೆ, ಊಟ, ಮನಸ್ಸಿಗೆ ಬೇಜಾರು, ಆ ಥರ?" ಎಂದು ಕೇಳಿದರು.

ದೊಡ್ಡಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ವಯಸ್ಸಾಗಿ ಕುಗ್ಗಿಹೋಗಿದ್ದರು. ಮಾವ ಅವರ ಕಡೆ ನೋಡಿ, ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಏನಿಲ್ಲ ಡಾಕ್ಟ್ರೇ. ಎಲ್ಲಾ ಕ್ಲಿಯರ್."

ದೊಡ್ಡಮ್ಮ ಸ್ತೋತ್ರ ಎನ್ನಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮಾವನ ಕಾಲಿನ ಮೇಲಿನ ಹೊದಿಕೆಯನ್ನು ಸರಿ ಮಾಡಿದರು, ಸರಿಯಾಗಿದ್ದದ್ದನ್ನೇ ಮತ್ತೆ ಮತ್ತೆ.

ಆ ವಾರವೇ ಮಾವ ತೀರಿಕೊಂಡರು. ಆಸ್ಪತ್ರೆಗೆ ಸೇರುವ ದಿನದವರೆಗೂ ಐದು ಗಂಟೆಗೆ ಏಳುತ್ತಿದ್ದರು. ಮನಸ್ಸು ಮಾತ್ರ ಹುಷಾರಾಗಿರಲಿಲ್ಲ.